ಸಹಾಯ ಬೇಕು: ಬಸುರಿಯಲ್ಲಿ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿದ ಮೇಲೆ ಪೂರ್ತಿ ಮಲಗಿರಬೇಕಾ?

ಮಂಡ್ಯದಿಂದ ಬರೆಯುತ್ತಿದ್ದೇನೆ. ನನ್ನ ತಂಗಿಗೆ ಹೋದ ಸಲ ಐದನೇ ತಿಂಗಳಲ್ಲಿ ನೋವೇ ಇಲ್ಲದೆ ಗರ್ಭ ಹೋಯಿತು. ಈ ಸಲ 20ನೇ ವಾರದ ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಬಾಯಿಯ ಉದ್ದ 25 ಮಿ.ಮೀ.ಗಿಂತ ಕಡಿಮೆ ಬಂತು, ಅದಕ್ಕೇ ಬಾಯಿ ಬೇಗ ತೆರೆದುಕೊಳ್ಳದಿರಲಿ ಅಂತ ಮೈಸೂರಿನಲ್ಲಿ ಹೊಲಿಗೆ ಹಾಕಿದರು, ಗರ್ಭ ಉಳಿಯಲು ನೆರವಾಗುವ ಪ್ರೊಜೆಸ್ಟರಾನ್ ಹಾರ್ಮೋನ್ ಕೂಡ ಕೊಟ್ಟಿದ್ದಾರೆ. 36-37ನೇ ವಾರಕ್ಕೆ ಬಿಚ್ಚುತ್ತಾರಂತೆ, ಸರಿ.

ಗೊಂದಲ ಇರೋದು ವಿಶ್ರಾಂತಿ ವಿಷಯದಲ್ಲಿ. ಹೊಲಿಗೆ ಹಾಕಿದ ಡಾಕ್ಟರ್, ಮನೆಯೊಳಗೆ ಓಡಾಡಲಿ, ಸುಮ್ನೆ ಮಲಗಿದ್ದರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಬಹುದು ಅಂದರು. ಇಲ್ಲಿಯ ಡಾಕ್ಟರ್ ಹಾಸಿಗೆ ಬಿಟ್ಟು ಏಳಲೇಬಾರದು ಅಂತಾರೆ. ಅಮ್ಮ ಅಂತೂ ಮಂಚದ ಕಾಲ್ದೆಸೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದಾರೆ, ಅದರಿಂದ ಅವಳಿಗೆ ಎದೆಯುರಿ ಜಾಸ್ತಿ ಆಗಿದ್ದೇ ಬಂತು.

ಹೊಲಿಗೆ ಹಾಕಿಸಿಕೊಂಡವರು, ನರ್ಸ್‌ಗಳು ಯಾರಾದರೂ ಇದ್ದರೆ ಹೇಳಿ: ಮೆಟ್ಟಿಲು ಹತ್ತೋದು, ನಿಂತು ಅಡುಗೆ ಮಾಡೋದು, ಚೆಕಪ್‌ಗೆ ಮೈಸೂರಿಗೆ ಕಾರಲ್ಲಿ ಹೋಗೋದು, ಇದರಲ್ಲಿ ಯಾವುದಕ್ಕೆ ನಿಮ್ಮ ಡಾಕ್ಟರ್ ಒಪ್ಪಿದ್ದರು?