ನಮ್ ಹಾರರ್ ಸಿನಿಮಾಗಳಲ್ಲಿ ದೆವ್ವ ಯಾಕೆ ಯಾವಾಗ್ಲೂ ಹೆಣ್ಣೇ? ಇದ್ರಿಂದ ಹೆಣ್ಮಕ್ಳಿಗೇನಾದ್ರೂ ಲಾಭ ಇದ್ಯಾ?

ಸೆಕೆಂಡ್‌ಶೋ_ಸುಮಾ:
ಟಿವೀಲಿ ಮತ್ತೆ ಆಪ್ತಮಿತ್ರ ಬರ್ತಿತ್ತು, ಮತ್ತೆ ಕೂತು ನೋಡ್ದೆ. ನಾಗವಲ್ಲಿ ಕಥೆ ನೋಡಿ, ರಾಜ ಎತ್ತಾಕ್ಕೊಂಡ್ ಬಂದ, ಅವಳು ಇಷ್ಟಪಟ್ಟೋನ್ನ ಕೊಂದ, ಆಮೇಲೆ ಅವಳನ್ನೂ ಕೊಂದ. ಬದುಕಿದ್ದಾಗ ಬಾಯಿ ಬಿಡೋಕಾಗ್ದೆ ಇದ್ದೋಳು ಸತ್ಮೇಲೆ ಇಡೀ ಅರಮನೆ ನಡುಗಿಸ್ತಾಳೆ. ನಮ್ಮಲ್ಲಿ ಹೆಚ್ಚುಕಮ್ಮಿ ಎಲ್ಲಾ ಇದೇ ತಾನೆ, ಅನ್ಯಾಯ, ಬಿಚ್ಚಿದ ಕೂದಲು, ಸೇಡು. ಇದು ಸ್ತ್ರೀವಾದನಾ, ಇಲ್ಲಾ ಹೆಂಗಸ್ರಿಗೆ ಸಿಟ್ಟು ಬಂದ್ರೆ ಏನೋ ಮೆಟ್ಕೊಂಡಿದೆ ಅಂತ ಜನಕ್ಕೆ ಹೇಳ್ಕೊಡೋದಾ?

ರೀಲ್_ರಂಗಣ್ಣ:
ಎರಡೂ ಅನ್ಸುತ್ತೆ. ನಾಗವಲ್ಲಿ ಮೈಮೇಲೆ ಬಂದ ಹಾಗೆ ಆಡ್ತಾಳಲ್ಲ ಗಂಗಾ, ಅವಳು ಮಂಚ ಎತ್ತೋ ಸೀನ್ ತಗೊಳಿ, ಹೊರಗೆ ಹೋಗ್ಬೇಡ ಅಂತ ಗಂಡ ತಡೀತಾನೆ, ಹಾಗೆ ತಡಿ ಅಂತ ಹೇಳ್ಕೊಟ್ಟಿರೋದು ಡಾಕ್ಟ್ರು, ಟೆಸ್ಟ್ ಮಾಡೋಕೆ. ಅವಳಿಗೇನಾಗಿದೆ, ಏನ್ ಟ್ರೀಟ್ಮೆಂಟು ಎಲ್ಲಾ ಗಂಡಸ್ರೇ ಸೇರಿ ತೀರ್ಮಾನ ಮಾಡ್ತಾರೆ, ಅವಳನ್ನ ಒಂದ್ ಮಾತು ಕೇಳಲ್ಲ. ಆದ್ರೂ ಬೇವಿನ ಸೊಪ್ಪಲ್ಲಿ ಹೊಡಿಯೋ ಬದ್ಲು ಇದು ಮನಸ್ಸಿನ ಕಾಯಿಲೆ ಅಂತ 2004ರಲ್ಲಿ ಕಮರ್ಷಿಯಲ್ ಪಿಚ್ಚರಲ್ಲಿ ಹೇಳಿದ್ದು ಸಣ್ಣ ವಿಷ್ಯ ಅಲ್ಲ. ಆ ಕ್ರೆಡಿಟ್ಟು ಇದ್ರ ಮೂಲ, 1993ರ ಮಲಯಾಳಂ ಮಣಿಚಿತ್ರತ್ತಾಳ್‌ಗೆ ಹೋಗ್ಬೇಕು ಬಿಡಿ.

ಪಿಜಿ_ಹುಡುಗಿ:
ಹಿಂದಿ ಪಿಚ್ಚರ್ ಸ್ತ್ರೀ (2018) ನೋಡಿದೀರಾ? ನಮ್ ಬೆಂಗಳೂರಿನ ‘ನಾಳೆ ಬಾ’ ಕಥೇನೇ ಮಧ್ಯಪ್ರದೇಶದ ಚಂದೇರಿಗೆ ಹೋಗಿದೆ, ದೆವ್ವ ಬಾಗಿಲು ತಟ್ಟಿದ್ರೆ ವಾಪಸ್ ಹೋಗ್ಲಿ ಅಂತ 90ರ ದಶಕದಲ್ಲಿ ಬಾಗಿಲ ಮೇಲೆ ಬರೀತಿದ್ರಲ್ಲ ಅದು. ದೆವ್ವ ಗಂಡಸ್ರನ್ನ ಮಾತ್ರ ಎತ್ಕೊಂಡ್ ಹೋಗುತ್ತೆ, ಬಟ್ಟೆ ಮಾತ್ರ ಬೀದೀಲಿ ಬಿದ್ದಿರುತ್ತೆ, ಅದೂ ಅವಳು ಕರೆದಾಗ ತಿರುಗಿ ನೋಡಿದ್ರೆ ಮಾತ್ರ. ಗಂಡಸ್ರು ಕತ್ತಲಾಗೋದ್ರೊಳಗೆ ಮನೆ ಸೇರ್ಕೋಬೇಕು. ಥಿಯೇಟರಲ್ಲಿ ಎಲ್ಲಾ ಬಿದ್ದೂ ಬಿದ್ದೂ ನಕ್ರು, ನಾನೂ ನಕ್ಕೆ. ಶೋ ಮುಗಿಯೋ ಮುಂಚೆನೇ ಎದ್ದು ಓಡ್ಬೇಕಾಯ್ತು, ಪಿಜಿ ಗೇಟ್ ಹತ್ತಕ್ಕೆ ಹಾಕ್ತಾರೆ. ಗಂಡಸ್ರಿಗಾದ್ರೆ ಕಾಮಿಡಿ, ನಮಗಾದ್ರೆ ರೂಲ್ಸು.

ಗೋಡೆಗಡಿಯಾರ:
ದೆವ್ವ, ಸೇಡು ಏನೂ ಇಲ್ದೆ ಹೆದರಿಸೋ ಪಿಚ್ಚರ್ ಬೇಕಂದ್ರೆ 1968ರ ರೋಸ್‌ಮೆರೀಸ್ ಬೇಬಿ. ಬಸುರಿ ಹೆಂಗ್ಸು ನೋವಾಗ್ತಿದೆ ಅಂದ್ರೆ ಡಾಕ್ಟ್ರು ಪುಸ್ತಕ ಓದ್ಬೇಡ, ಫ್ರೆಂಡ್ಸ್ ಮಾತು ಕೇಳ್ಬೇಡ ಅಂತಾನೆ. ತಪ್ಪಿಸ್ಕೊಂಡು ಇನ್ನೊಬ್ಬ ಡಾಕ್ಟ್ರ ಹತ್ರ ಹೋಗಿ ಎಲ್ಲಾ ಹೇಳ್ಕೊತಾಳೆ, ಅವನು ಸರಿ ಮಲಗಮ್ಮ ಅಂದು ಆ ಕಡೆ ಮೊದಲನೇ ಡಾಕ್ಟ್ರಿಗೇ ಫೋನ್ ಮಾಡ್ತಾನೆ, ಅವನು ಗಂಡನ ಜೊತೆ ಬಂದು ಅವಳನ್ನ ಕರ್ಕೊಂಡ್ ಹೋಗ್ತಾನೆ. ನಂಗೆ ಪಿಚ್ಚರಲ್ಲಿ ಬರೋ ಸೈತಾನಕ್ಕಿಂತ ಭಯ ಆಗಿದ್ದು ಆ ಫೋನಿಗೆ. ಹೆಂಗಸ್ರ ಮೈ ಬಗ್ಗೆ ಬೇರೆಯವ್ರೇ ತೀರ್ಮಾನ ಮಾಡೋ ಕಥೆ ಇದು; ಅಮೆರಿಕಾದಲ್ಲಿ ಗರ್ಭಪಾತದ ಹಕ್ಕು ಸಿಕ್ಕಿದ್ದು 1973ರ ಸುಪ್ರೀಂ ಕೋರ್ಟ್ ತೀರ್ಪಿಂದ, 2022ರಲ್ಲಿ ಕೋರ್ಟು ಆ ತೀರ್ಪು ರದ್ದು ಮಾಡ್ತು, ಹಂಗಾಗಿ ಈಗ ನೋಡಿದ್ರೂ ಹಳೇದು ಅನ್ಸಲ್ಲ.

ರೀಲ್_ರಂಗಣ್ಣ:
ಅದ್ರ ಡೈರೆಕ್ಟ್ರು ಪೊಲಾನ್ಸ್ಕಿ 13 ವರ್ಷದ ಹುಡುಗಿ ಮೇಲಿನ ಲೈಂಗಿಕ ಅಪರಾಧದ ಕೇಸಲ್ಲಿ ತಪ್ಪೊಪ್ಕೊಂಡು 1978ರಲ್ಲಿ ಅಮೆರಿಕಾ ಬಿಟ್ಟು ಓಡ್ದೋನು ಅನ್ನೋದನ್ನೂ ಹೇಳ್ಬಿಡಿ ಸಾರ್. ಪಿಚ್ಚರ್ ಹೆಣ್ಣಿನ ಪರ ಇದ್ರೆ ತೆಗೆದೋನೂ ಹಂಗೇ ಇರ್ಬೇಕು ಅಂತೇನಿಲ್ಲ.

ಸೆಕೆಂಡ್‌ಶೋ_ಸುಮಾ:
ಥ್ಯಾಂಕ್ಸ್ ಎಲ್ರಿಗೂ. ಹೆಂಗಸ್ರೇ ತೆಗೆದಿರೋದು ಯಾವ್ದಾದ್ರೂ ಇದ್ರೆ ಹೇಳಿ.

ಪಿಜಿ_ಹುಡುಗಿ:
ಬುಲ್‌ಬುಲ್, ಹಿಂದಿ, 2020, ಅನ್ವಿತಾ ದತ್ ಡೈರೆಕ್ಷನ್ನು, ನೆಟ್‌ಫ್ಲಿಕ್ಸಲ್ಲಿದೆ. ತಿರುಚಿದ ಪಾದ ಇದ್ರೆ ಮೋಹಿನಿ ಅಂತಾರಲ್ಲ, ಇಲ್ಲಿ ಆ ಪಾದ ಹಂಗಾಗಿರೋದು ಗಂಡ ಕಬ್ಬಿಣದ ರಾಡಲ್ಲಿ ಹೊಡೆದು. ಆದ್ರೆ ರೇಪ್ ಸೀನ್ ಒಂದಿದೆ, ಅಷ್ಟುದ್ದ ಬೇಕಿರ್ಲಿಲ್ಲ, ಫಾರ್ವರ್ಡ್ ಮಾಡ್ಕೊಳಿ.