ಸಹಾಯ ಬೇಕು: ಮೇಲ್ ರಾಶಿಯಲ್ಲಿ ಗಿರಾಕಿಗಳೇ ಕಳೆದುಹೋಗುತ್ತಿದ್ದಾರೆ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಮನೆ, ನಿವೇಶನ ಕೊಡಿಸುವ ಕೆಲಸ ನನ್ನದು. ಓದದೆ ಉಳಿದ ಮೇಲ್‌ಗಳು ಇವತ್ತಿಗೆ 6,412. ಮುಕ್ಕಾಲು ಪಾಲು ಆಸ್ತಿ ಜಾಲತಾಣಗಳಿಂದ ಬರುವ ವಿಚಾರಣೆಗಳು, ‘ಬೆಲೆ ಎಷ್ಟು?’ ಎಂದು ಕೇಳಿ, ಫೋನ್ ಮಾಡಿದರೆ ಎತ್ತದವರೇ ಹೆಚ್ಚು.

ಹೋದ ವಾರ ವಿಜಯನಗರದ 30/40 ಅಡಿಯ ನಿವೇಶನಕ್ಕೆ ದುಬೈಯಲ್ಲಿರುವ ಒಬ್ಬರು ಋಣಭಾರ ಪ್ರಮಾಣಪತ್ರ, ಖಾತಾ ನಕಲು ಕೇಳಿ ಬರೆದಿದ್ದರು. ನಾನು ನೋಡಿದ್ದು ಐದನೆಯ ದಿನ. ಎರಡು ಗೃಹಸಾಲದ ಜಾಹೀರಾತುಗಳ ನಡುವೆ ಸಿಕ್ಕಿಕೊಂಡಿತ್ತು! ಅಷ್ಟರಲ್ಲಿ ಅವರು ಬೇರೆ ಕಡೆ ಮುಂಗಡ ಕೊಟ್ಟಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಜಿಮೇಲ್‌ನ ಉಚಿತ 15 ಜಿಬಿ ಜಾಗವೂ ತುಂಬುತ್ತಾ ಬಂದಿದೆ. ಜಾಗ ಹಿಡಿದಿರುವುದು ಹೆಚ್ಚಾಗಿ ಸ್ಕ್ಯಾನ್ ಮಾಡಿದ ಕ್ರಯಪತ್ರಗಳು, ಅಳಿಸಲು ಧೈರ್ಯವಿಲ್ಲ. ಜಾಲತಾಣಗಳ ಮೇಲ್‌ಗಳನ್ನು ಫಿಲ್ಟರ್ ಹಾಕಿ ಬೇರೆ ಲೇಬಲ್‌ಗೆ ತಳ್ಳಿದೆ. ಆಮೇಲೆ ಅತ್ತ ತಿರುಗಿಯೂ ನೋಡಲಿಲ್ಲ; ಅದು ನನ್ನದೇ ತಪ್ಪು.

ನಿಜವಾಗಿ ಕೊಳ್ಳುವವರ ಮೇಲ್ ಕಣ್ಣಿಗೆ ಬೀಳುವಂತೆ ಫಿಲ್ಟರಿನಲ್ಲಿ ಯಾವ ಪದಗಳನ್ನು ಹಾಕುತ್ತೀರಿ? ಲೇಬಲ್ ಆಸ್ತಿಯ ಹೆಸರಿಗೋ, ಗಿರಾಕಿಯ ಹೆಸರಿಗೋ? ಹಳೆಯದನ್ನೆಲ್ಲ ಒಂದೇ ಏಟಿಗೆ ಆರ್ಕೈವ್ ಮಾಡಿ ನೆಮ್ಮದಿಯಾಗಿರುವವರು ಇದ್ದರೆ ದಯವಿಟ್ಟು ತಿಳಿಸಿ. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಸದ್ಯಕ್ಕೆ ಬೇಡ.