ದಿನಕ್ಕೊಂದು ಕೋಡ್ ತೋರಿಸಿ ಬ್ಲೂ ಸ್ಕ್ರೀನ್ ಬರುತ್ತಿದೆ, ಮತ್ತೆ ಫಾರ್ಮ್ಯಾಟ್ ಮಾಡಿಸಬೇಕಾ?

ಪ್ರಶ್ನೆ: ನಮಸ್ಕಾರ ಸರ್. ಡಿಟಿಪಿ ಅಂಗಡಿಯ ಅಸೆಂಬಲ್ಡ್ ಕಂಪ್ಯೂಟರ್, ಪ್ರೊಸೆಸರ್ ರೈಜನ್ 5 5600ಜಿ, ವಿಂಡೋಸ್ 11. ಮೊದಲು 8 ಜಿಬಿ ರ‍್ಯಾಮ್ ಇತ್ತು. ಎರಡು ತಿಂಗಳ ಹಿಂದೆ ಬೇರೆ ಕಂಪನಿಯ ಇನ್ನೊಂದು 8 ಜಿಬಿ ಹಾಕಿಸಿದೆವು. ಈಗ ದಿನಕ್ಕೆ ಎರಡು ಮೂರು ಸಲ ಬ್ಲೂ ಸ್ಕ್ರೀನ್. ಒಮ್ಮೆ ‘ಮೆಮೊರಿ ಮ್ಯಾನೇಜ್‌ಮೆಂಟ್’, ಇನ್ನೊಮ್ಮೆ ‘ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’, ನಿನ್ನೆ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’. ಹೆಚ್ಚಾಗಿ ಕೋರೆಲ್‌ನಲ್ಲಿ ದೊಡ್ಡ ಫ್ಲೆಕ್ಸ್ ಫೈಲ್ ತೆರೆದಾಗಲೇ ಬರುತ್ತದೆ. ಬ್ಲೂ ಸ್ಕ್ರೀನ್ ವಿವರ ತೋರಿಸುವ ಬ್ಲೂಸ್ಕ್ರೀನ್‌ವ್ಯೂನಲ್ಲಿ ನೋಡಿದರೆ ‘ಎನ್‌ಟಿಒಎಸ್‌ಕರ್ನಲ್’ ಅಂತ ತೋರಿಸುತ್ತದೆ. ಒಂದು ಸಲ ಫಾರ್ಮ್ಯಾಟ್ ಆಯಿತು, ವಾರಕ್ಕೆ ಮತ್ತೆ ಶುರು. ಇನ್ನೊಮ್ಮೆ ಮಾಡಿಸಲಾ?

ಉತ್ತರ: ಬೇಡ, ಸದ್ಯಕ್ಕೆ ಫಾರ್ಮ್ಯಾಟ್ ಮಾತೇ ಬೇಡ. ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶ) ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದೇ ಕೋಡ್, ಒಂದೇ ಫೈಲ್ ಹೆಸರು ಮತ್ತೆ ಮತ್ತೆ ಬರುತ್ತದೆ. ನಿಮ್ಮಲ್ಲಿ ಕೋಡ್ ಬದಲಾಗುತ್ತಲೇ ಇದೆ, ಮೂರೂ ಮೆಮೊರಿಯ ಸುತ್ತಲಿನವೇ. ಅದೂ ರ‍್ಯಾಮ್ ಹೆಚ್ಚು ತುಂಬಿದಾಗ. ಮೊದಲ ಅನುಮಾನ ರ‍್ಯಾಮ್ ಮೇಲೆಯೇ. ಕೆಟ್ಟ ರ‍್ಯಾಮ್ ಇಟ್ಟುಕೊಂಡು ವಿಂಡೋಸ್ ಹಾಕಿದರೆ ಆ ಫೈಲುಗಳೆಲ್ಲ ಅದೇ ರ‍್ಯಾಮ್ ದಾಟಿಯೇ ಡಿಸ್ಕಿಗೆ ಹೋಗಬೇಕು. ಹೊಸ ವಿಂಡೋಸ್ ಕೂಡ ಹುಟ್ಟುವಾಗಲೇ ಕೆಟ್ಟಿರಬಹುದು.

ಎನ್‌ಟಿಒಎಸ್‌ಕರ್ನಲ್ ಎಂದರೆ ವಿಂಡೋಸಿನ ತಿರುಳು. ತಪ್ಪು ಕಣ್ಣಿಗೆ ಬಿದ್ದ ಕೂಡಲೇ ಯಂತ್ರ ನಿಲ್ಲಿಸುವುದು ಅದರ ಕೆಲಸ. ಅದನ್ನೇ ದೂರುವುದು ಕಳ್ಳನನ್ನು ಕಂಡು ಕೂಗಿದವನನ್ನೇ ಕಳ್ಳ ಎಂದಂತೆ.

ಮೊದಲು ಎರಡೂ ರ‍್ಯಾಮ್‌ಗಳ ಸ್ಟಿಕ್ಕರ್ ಓದಿ. ಎರಡರ ಮೇಲೂ ವೇಗ 3200 ಎಂದಿರಬಹುದು, ಆದರೆ ಒಂದು 1.2 ವೋಲ್ಟ್ ಸಿಎಲ್ 22 (ಸಿಎಲ್ ಎಂದರೆ ಉತ್ತರಿಸಲು ಹಿಡಿಯುವ ಹೊತ್ತಿನ ಅಳತೆ), ಇನ್ನೊಂದು 1.35 ವೋಲ್ಟ್ ಸಿಎಲ್ 16 ಆಗಿದ್ದರೆ ಜೋಡಿ ಹೊಂದುವುದು ಖಾತ್ರಿಯಿಲ್ಲ. ಆಮೇಲೆ ಬಯಾಸ್‌ಗೆ (ಬೋರ್ಡ್‌ನದೇ ಸೆಟ್ಟಿಂಗ್ ಪರದೆ) ಹೋಗಿ, ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಆಫ್ ಮಾಡಿ, ಕೆಲವು ಬೋರ್ಡ್‌ಗಳಲ್ಲಿ ಇದಕ್ಕೆ ಡಿಒಸಿಪಿ ಎನ್ನುತ್ತಾರೆ. ಬಯಾಸ್ ಮುಟ್ಟುವ ಮುಂಚೆ, ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಇದೆಯಾ ನೋಡಿಕೊಳ್ಳಿ. ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಆನ್ ಮಾಡಿದಾಗ ಕೇಳಬಹುದು.

ಎಕ್ಸ್‌ಎಂಪಿ ಆಫ್ ಆದಮೇಲೂ ಬ್ಲೂ ಸ್ಕ್ರೀನ್ ಬಂದರೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ. ಉಚಿತ ಆವೃತ್ತಿ ನಾಲ್ಕು ಪಾಸ್ (ಸುತ್ತು) ಓಡುತ್ತದೆ, ಅಷ್ಟೂ ಮುಗಿಯಲಿ. ಹಲವು ಗಂಟೆ ಹಿಡಿಯುತ್ತದೆ, ರಾತ್ರಿ ಅಂಗಡಿ ಮುಚ್ಚುವಾಗ ಹಚ್ಚಿಟ್ಟು ಹೋಗಿ. ವಿಂಡೋಸಿನದೇ ಮೆಮೊರಿ ಡಯಾಗ್ನಾಸ್ಟಿಕ್ ‘ತೊಂದರೆ ಇಲ್ಲ’ ಎಂದರೆ ಅಷ್ಟಕ್ಕೇ ಸಮಾಧಾನ ಮಾಡಿಕೊಳ್ಳಬೇಡಿ, ಎಷ್ಟೋ ದೋಷ ಅದರ ಕಣ್ಣಿಗೆ ಬೀಳುವುದಿಲ್ಲ. ತಪ್ಪು ಸಿಕ್ಕರೆ ಪರದೆಯ ಮೇಲೆ ಇರಬೇಕಾದ ಬೆಲೆ, ಸಿಕ್ಕ ಬೆಲೆ ಎರಡೂ ಕಾಣುತ್ತವೆ: ಬರೆದದ್ದು 00000000, ಓದಿದಾಗ 00000400. ಅಂದರೆ ಒಂದೇ ಒಂದು ಬಿಟ್ ಮಗುಚಿದೆ. ‘ಒಂದೇ ತಾನೇ’ ಅನ್ನಬೇಡಿ. ಒಂದು ತಪ್ಪು ಬಂದರೂ ಅದು ಫೇಲ್.

ಫೇಲ್ ಆದರೆ ಕರೆಂಟ್ ವೈರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ, ಒಂದೊಂದೇ ರ‍್ಯಾಮ್ ಇಟ್ಟು ಅದೇ ಪರೀಕ್ಷೆ ಮಾಡಿ. ನಾಲ್ಕು ಸ್ಲಾಟ್‌ನ ಬೋರ್ಡ್ ಆದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದರಲ್ಲಿ ಇಡಬೇಕು. ಚಿನ್ನದ ಬಣ್ಣದ ಕಾಲುಗಳನ್ನು ಮೆತ್ತನೆ ರಬ್ಬರ್‌ನಿಂದ ಹಗುರಾಗಿ ಉಜ್ಜಿ, ಪುಡಿಯೆಲ್ಲ ಒರೆಸಿ, ಕ್ಲಿಪ್ ‘ಟಕ್’ ಎನ್ನುವವರೆಗೆ ಕೂರಿಸಿ. ಎಲ್ಲಿಟ್ಟರೂ ಒಂದೇ ರ‍್ಯಾಮ್ ಫೇಲ್ ಆದರೆ ದೋಷ ಅದರದ್ದು. ಯಾವುದನ್ನಿಟ್ಟರೂ ಒಂದೇ ಸ್ಲಾಟ್‌ನಲ್ಲಿ ಫೇಲ್ ಆದರೆ ಬೋರ್ಡ್ ಅಥವಾ ಪ್ರೊಸೆಸರ್ ಕಡೆ ನೋಡಬೇಕು.

ಇನ್ನೊಬ್ಬರ ಪ್ರಶ್ನೆ: ಇದಕ್ಕೇ ಸೇರಿಸಿ ಕೇಳುತ್ತೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಪ್ರತಿ ಸಲ ‘ಕ್ರಿಟಿಕಲ್ ಪ್ರೊಸೆಸ್ ಡೈಡ್’ ಎಂದೇ ಬರುತ್ತದೆ. ವಿವರ ಕೂಡಿಸುವ ಎಣಿಕೆ ಶೇಕಡಾ 0ರಲ್ಲೇ ನಿಲ್ಲುತ್ತದೆ. ಆ ವಿವರ ಇರಬೇಕಾದ ಮಿನಿಡಂಪ್ ಫೋಲ್ಡರ್ ಖಾಲಿ. ನಾನೂ ರ‍್ಯಾಮ್ ಟೆಸ್ಟ್ ಮಾಡಲಾ?

ಉತ್ತರ: ನಿಮ್ಮದು ಬೇರೆ ದಾರಿ ಮೇಡಂ. ಬ್ಲೂ ಸ್ಕ್ರೀನ್ ಆದ ಕ್ಷಣದ ವಿವರವನ್ನು ವಿಂಡೋಸ್ ಮೊದಲು ಡಿಸ್ಕಿನಲ್ಲಿರುವ ಪೇಜ್‌ಫೈಲ್‌ಗೆ ಬರೆದು, ಮತ್ತೆ ಸ್ಟಾರ್ಟ್ ಆದಮೇಲೆ ಮಿನಿಡಂಪ್‌ಗೆ ಹಾಕುತ್ತದೆ. ಬರೆಯಬೇಕಾದ ಎಸ್‌ಎಸ್‌ಡಿಯೇ ಕೈಕೊಟ್ಟರೆ 0ರಲ್ಲೇ ನಿಂತುಬಿಡುತ್ತದೆ. ತಾನಾಗಿ ರೀಸ್ಟಾರ್ಟ್ ಆದಾಗ ‘ಬೂಟ್ ಡಿವೈಸ್ ಇಲ್ಲ’ ಎಂದು ಬಂದು, ಪೂರ್ತಿ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆಯೇ ಗಮನಿಸಿ. ಹಾಗಿದ್ದರೆ ಎಸ್‌ಎಸ್‌ಡಿ ಮೇಲಿನ ಅನುಮಾನ ಬಲವಾಗುತ್ತದೆ.

ಇವತ್ತೇ ಫೋಟೊ, ದಾಖಲೆ ಎಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ. ಅದಾಗುವ ಮೊದಲು ಡಿಸ್ಕಿನ ತಪ್ಪು ಹುಡುಕುವ ಚೆಕ್‌ಡಿಸ್ಕ್ ಓಡಿಸಬೇಡಿ. ಸಾಯುತ್ತಿರುವ ಡಿಸ್ಕನ್ನು ಮೂಲೆಮೂಲೆ ಓದಿಸಿದರೆ ಇರುವುದೂ ಹೋಗಬಹುದು. ಆಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ‘ಮೀಡಿಯಾ ಆ್ಯಂಡ್ ಡೇಟಾ ಇಂಟೆಗ್ರಿಟಿ ಎರರ್ಸ್’ ಸಾಲು ನೋಡಿ, ಅದು 0 ಇರಬೇಕು. 0 ಇದ್ದರೆ ಎಸ್‌ಎಸ್‌ಡಿಯನ್ನು ತೆಗೆದು ಮರಳಿ ಕೂರಿಸಿ, ಅದರೊಳಗಿನ ತಂತ್ರಾಂಶವಾದ ಫರ್ಮ್‌ವೇರ್ ಅಪ್‌ಡೇಟ್ ಮಾಡಿ ನೋಡಬಹುದು. 0 ಇಲ್ಲದಿದ್ದರೆ ಬದಲಿಸಿ.

ಮೊದಲ ಪ್ರಶ್ನೆ ಕೇಳಿದವರು: ಸರ್, ಎಕ್ಸ್‌ಎಂಪಿ ಆಫ್ ಮಾಡಿದರೂ ಬಂತು. ಎರಡೂ ರ‍್ಯಾಮ್ ಇಟ್ಟಾಗ ಪರೀಕ್ಷೆಯಲ್ಲಿ 6 ತಪ್ಪು. ಒಂದೊಂದೇ ಇಟ್ಟರೆ ಎರಡೂ 0. ಒಂದರ ಮೇಲೆ 1.2 ವೋಲ್ಟ್, ಇನ್ನೊಂದರ ಮೇಲೆ 1.35. ಏನು ಅರ್ಥ?

ಉತ್ತರ: ಎರಡು ರ‍್ಯಾಮೂ ಚೆನ್ನಾಗಿವೆ, ಒಟ್ಟಿಗೆ ಬಾಳುತ್ತಿಲ್ಲ. ಬಯಾಸ್‌ನಲ್ಲಿ ವೇಗವನ್ನು ಕೈಯಾರೆ 2400ಕ್ಕೆ ಇಳಿಸಿ ಮತ್ತೆ ನಾಲ್ಕು ಪಾಸ್ ಓಡಿಸಿ. ಗೆದ್ದರೂ ದುಡಿಯುವ ಯಂತ್ರಕ್ಕೆ ಅದು ತಾತ್ಕಾಲಿಕ, ಅದೂ ಅಲ್ಲದೆ 5600ಜಿಯ ಒಳಗಿನ ಗ್ರಾಫಿಕ್ಸ್ ರ‍್ಯಾಮ್‌ನ ವೇಗವನ್ನೇ ನೆಚ್ಚಿಕೊಂಡಿರುವುದರಿಂದ ನಿಧಾನವೂ ಆಗುತ್ತದೆ. ಒಂದೇ ಪ್ಯಾಕ್‌ನಲ್ಲಿ ಬರುವ 8 ಜಿಬಿಯ ಜೋಡಿ ತೆಗೆದುಕೊಳ್ಳುವುದೇ ಸರಿ. ಅಲ್ಲಿಯವರೆಗೆ ಒಂದೇ ರ‍್ಯಾಮ್‌ನಲ್ಲಿ ಕೆಲಸ ಸಾಗಿಸಿ.

ಜೋಡಿ ಹಾಕಿ ಪರೀಕ್ಷೆ ಪಾಸಾದಮೇಲೆ, ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಕೆಟ್ಟ ವಿಂಡೋಸ್ ಫೈಲುಗಳನ್ನು ಸರಿಪಡಿಸುವ ಎರಡು ಕಮಾಂಡ್‌ಗಳನ್ನು, ಮೊದಲು ಡಿಸ್ಮ್‌ನ ರಿಸ್ಟೋರ್‌ಹೆಲ್ತ್, ನಂತರ ಎಸ್‌ಎಫ್‌ಸಿ ಸ್ಕ್ಯಾನ್‌ನೌ, ಓಡಿಸಿ. ಈ ಎರಡು ತಿಂಗಳಲ್ಲಿ ಸೇವ್ ಮಾಡಿದ ಕೋರೆಲ್ ಫೈಲುಗಳನ್ನೂ ಒಂದೊಂದಾಗಿ ತೆರೆದು ನೋಡಿ. ರ‍್ಯಾಮ್‌ನಲ್ಲಿ ಮಗುಚಿದ ಬಿಟ್ ಫೈಲಿನೊಳಗೂ ಹೋಗಿ ಕೂತಿರಬಹುದು. ತೆರೆಯದಿದ್ದರೆ ಹಳೆಯ ಬ್ಯಾಕಪ್ ಪ್ರತಿಯನ್ನೇ ಬಳಸಿ.